ಬೆಣ್ಣೆಗೊಂದು ಗಂಡು

“ಯಾವ ಮನೆಯಲ್ಲಿ ಅಪ್ಪನಿಗೆ ಮಗಳನ್ನ ಕೊಡ್ತಾರೆ ಅಂತ ಮೊದಲು ಹೇಳು. ಆಮೇಲೆ ಪಂಜರದ ಬಾಗಿಲು ತೆಗಿ,” ಅಂದರು ಅತ್ತೆ.

ಹೊಲಿಗೆ ಅಕ್ಕನ ಕೈ ಚಿಲಕದ ಮೇಲೇ ನಿಂತಿತು. ಬೀದಿಯವರೆಲ್ಲ, ವಯಸ್ಸಿನಲ್ಲಿ ದೊಡ್ಡವರೂ ಸಹ, ಅವಳನ್ನು ಕರೆಯುವುದು ಹಾಗೇ. ಅವಳ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಒಂದು ಮೇಜು. ಹಿಂದಿನ ಕೋಣೆಯಲ್ಲಿ ಆಳೆತ್ತರದ ಎರಡು ಪಂಜರ. ಹೊಲಿಸಲು ಬಂದವರು ಅಳತೆ ಕೊಡುವುದನ್ನು ಮರೆತು ಹಿಂದಿನ ಕೋಣೆಗೆ ಇಣುಕುತ್ತಿದ್ದರು. ಇಣುಕದೆ ಏನು ಮಾಡಿಯಾರು? ಅಲ್ಲಿದ್ದದ್ದು ಶುಗರ್ ಗ್ಲೈಡರ್‌ಗಳು.

ನೋಡದವರಿಗಾಗಿ ಹೇಳುತ್ತೇನೆ. ಅಂಗೈಯಲ್ಲಿ ಕೂರುವಷ್ಟು ಪ್ರಾಣಿ. ನೋಡಲು ಅಳಿಲಿನ ತಂಗಿಯ ಹಾಗೆ, ಕಣ್ಣು ಮಾತ್ರ ಅಳಿಲಿಗಿಂತ ದೊಡ್ಡದು. ಮುಂಗಾಲಿನಿಂದ ಹಿಂಗಾಲಿನವರೆಗೆ ಚರ್ಮದ ಒಂದು ಮಡಿಕೆ ಇರುತ್ತದೆ. ಕಾಲು ಚಾಚಿ ನೆಗೆದರೆ ಅದು ಬಿಚ್ಚಿಕೊಳ್ಳುತ್ತದೆ, ಪ್ರಾಣಿ ಗಾಳಿಯಲ್ಲಿ ತೇಲಿ ಬಂದು ನಿಮ್ಮ ಹೆಗಲ ಮೇಲೆ ಇಳಿಯುತ್ತದೆ. ತಾಯಿಗೆ ಹೊಟ್ಟೆಯಲ್ಲೇ ಚೀಲ. ಮರಿ ಹುಟ್ಟುವಾಗ ಅಕ್ಕಿಕಾಳಿನಷ್ಟು. ಆ ಚೀಲದೊಳಗೆ ಸೇರಿಕೊಂಡು, ಎರಡು ತಿಂಗಳು ಕಳೆದ ಮೇಲೆ ಲೋಕಕ್ಕೆ ಮುಖ ತೋರಿಸುತ್ತದೆ. ಸಾಮಾನ್ಯವಾಗಿ ಮೈ ಬೂದು ಬಣ್ಣ, ಬೆನ್ನಿನ ಮೇಲೆ ಕಪ್ಪು ಗೆರೆ.

ಅಕ್ಕನ ಮೊದಲ ಜೋಡಿಯೂ ಬೂದು ಬಣ್ಣದ್ದೇ. ಗಂಡಿನ ಹೆಸರು ದೊರೆ, ಹೆಣ್ಣಿನ ಹೆಸರು ಗುಂಡಮ್ಮ. ಹೋದ ವರ್ಷ ಗುಂಡಮ್ಮ ಎರಡು ಹೆಣ್ಣುಮರಿ ಕೊಟ್ಟಳು. ಒಂದು ಬೂದು, ಅದು ಸಾಸಿವೆ. ಇನ್ನೊಂದು ಮೂಗಿನಿಂದ ಬಾಲದ ತುದಿಯವರೆಗೆ ಬಿಳುಪು, ಕಣ್ಣೆರಡು ಮಾತ್ರ ಕಪ್ಪು. ಅದೇ ಬೆಣ್ಣೆ. ಆವತ್ತು ಅತ್ತೆ ಗುಂಡಮ್ಮನ ಮುಂದೆ ನಿಂತು, “ಏನಮ್ಮಾ, ಇದು ಯಾರ ಮನೆ ಕೂಸು ಎತ್ಕೊಂಡು ಬಂದೆ?” ಅಂತ ಕೇಳಿದ್ದು ಇಡೀ ಬೀದಿಗೆ ಗೊತ್ತಾಗಿತ್ತು.

ಅಲ್ಲಿಂದ ಅಕ್ಕನಿಗೆ ಬಿಳುಪಿನ ಹುಚ್ಚು ಹಿಡಿಯಿತು. ಮರಿಗಳು ದೊಡ್ಡವಾಗುತ್ತಿದ್ದಂತೆ ಅಪ್ಪನಿಂದ ಬೇರೆ ಮಾಡಿ ಎರಡನೇ ಪಂಜರದಲ್ಲಿ ಇಟ್ಟಳು. ಗುಂಡಮ್ಮ ಇನ್ನೊಂದು ಸಲ ಮರಿ ಹಾಕಿದಳು, ಅದು ಉಳಿಯಲಿಲ್ಲ. ಮೆಷಿನ್ ತುಳಿಯುತ್ತಲೇ ಮೊಬೈಲಿನಲ್ಲಿ ಬಣ್ಣದ ವಿಡಿಯೋ ನೋಡಿದಳು, ನೋಡಿ ನೋಡಿ ಒಂದು ಲೆಕ್ಕ ಕಂಡುಹಿಡಿದಳು. ದೊರೆಗೆ ಬಿಳಿ ಮಗಳು ಹುಟ್ಟಿದ್ದಾಳೆ ಅಂದಮೇಲೆ ದೊರೆಯ ಒಳಗೆ ಬಿಳುಪು ಅಡಗಿದೆ. ಬೆಣ್ಣೆ ಹೊರಗೂ ಬಿಳಿ ಒಳಗೂ ಬಿಳಿ. ಇಬ್ಬರನ್ನೂ ಒಂದು ಮಾಡಿದರೆ ಮರಿಗಳಲ್ಲಿ ಅರ್ಧ ಬಿಳಿ. ಹೊರಗಿನಿಂದ ಗಂಡು ತರುವ ತಾಪತ್ರಯವೇ ಇಲ್ಲ.

ಲೆಕ್ಕ ಕೂಡಿಬಂದ ಖುಷಿಯಲ್ಲಿ ಫೋಟೋ ಸ್ಟುಡಿಯೋದವರಿಗೆ ಎರಡು ಬಿಳಿ ಮರಿ ಕೊಡುವುದಾಗಿ ಮಾತು ಕೊಟ್ಟಳು. ಆ ಮರಿಗಳು ಮಲಗಲು ಮೆತ್ತನೆ ಬಟ್ಟೆಯ ಎರಡು ಚೀಲವನ್ನೂ ಹೊಲಿದಿಟ್ಟಳು. ಒಳಗೆ ಒಂದೇ ಒಂದು ಬಿಡಿ ದಾರ ಇಲ್ಲದ ಹಾಗೆ, ಹೊಲಿಗೆ ಮಡಚಿ ಮುಚ್ಚಿ. ದಾರ ಬಿಟ್ಟರೆ ಇವುಗಳ ಉಗುರು ಸಿಕ್ಕಿಕೊಳ್ಳುತ್ತದೆ. ಅದನ್ನು ನೋಡಿದ ಅತ್ತೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಅಂತ ಗಾದೆ ಇರುವುದೇ ನಿನ್ನಂಥ ದರ್ಜಿಗಾಗಿ ಅಂದಿದ್ದರು.

ಈಗ ಅಕ್ಕ ದೊರೆಯನ್ನು ಅವನು ಮಲಗುವ ಬಟ್ಟೆಚೀಲ ಸಮೇತ ಎತ್ತಿಕೊಂಡು ಬೆಣ್ಣೆಯ ಪಂಜರದ ಮುಂದೆ ನಿಂತಿದ್ದಳು.

“ಅತ್ತೆ, ಇವು ಮನುಷ್ಯರಲ್ಲ. ಇವಕ್ಕೆ ಅಪ್ಪ ಮಗಳು ಅನ್ನೋದೆಲ್ಲ ಇಲ್ಲ.”

“ಅವಕ್ಕಿಲ್ಲ, ಸರಿ. ನಿನಗೂ ಇಲ್ವಾ?”

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಕಾಂಪೌಂಡರಣ್ಣ. ಊರಿನ ಪ್ರಾಣಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಕೈಕೆಳಗೆ ಹದಿನೈದು ವರ್ಷದಿಂದ ಕೆಲಸ. ತನ್ನ ಮನೆಯಲ್ಲೂ ಆರು ಗ್ಲೈಡರ್ ಸಾಕಿದ್ದವನು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಬಂದು ಇವುಗಳ ಉಗುರು ಕತ್ತರಿಸಿ, ಒಂದು ಲೋಟ ಟೀ ಕುಡಿದು, ಅತ್ತೆಯ ಮೊಣಕಾಲಿನ ವಿಚಾರವನ್ನೂ ಕೇಳಿ ಹೋಗುತ್ತಿದ್ದ. ಪ್ರಾಣಿ ಡಾಕ್ಟರ ಹತ್ತಿರದವನು ನನ್ನ ಮೊಣಕಾಲು ಯಾಕೆ ನೋಡುತ್ತಾನೆ ಅಂತ ಅತ್ತೆ ಒಮ್ಮೆಯೂ ಬೇಸರಿಸಿದವರಲ್ಲ.

ಅತ್ತೆ ಅವನು ಕೂರುವುದಕ್ಕೆ ಮೊದಲೇ ದೂರು ಒಪ್ಪಿಸಿದರು. ಅಕ್ಕ ತನ್ನ ಲೆಕ್ಕ ಒಪ್ಪಿಸಿದಳು. ಅವನು ಎರಡನ್ನೂ ಪೂರ್ತಿ ಕೇಳಿದ.

“ಲೆಕ್ಕ ಸರಿಯಾಗಿದೆ ಅಕ್ಕ,” ಅಂದ. “ಬಣ್ಣದ ಲೆಕ್ಕ ಮಾತ್ರ.”

“ಇನ್ಯಾವ ಲೆಕ್ಕ ಬೇಕಪ್ಪ?”

ಅವನು ಎದ್ದು ಮುಂದಿನ ಕೋಣೆಗೆ ಹೋಗಿ, ಮೆಷಿನ್ನಿನ ಸೂಜಿಯ ಕೆಳಗೆ ಅರ್ಧಕ್ಕೆ ನಿಂತಿದ್ದ ಬಟ್ಟೆ ತೋರಿಸಿದ. ಮೇಲೆ ಬೂದು ದಾರ ಹಾಕಿದ್ದೀರಿ, ಕೆಳಗೆ ಬಾಬಿನ್ನಿನಲ್ಲಿ ಯಾವ ದಾರ ಇದೆ ಅಂತ ಕೇಳಿದ. ಅಕ್ಕ ಬಿಳಿ ಅಂದಳು. ಒಳಗಡೆ ಯಾರು ನೋಡುತ್ತಾರೆ ಅಂತ ಇದ್ದದ್ದನ್ನೇ ಹಾಕಿದ್ದಳು.

ಹಾಗಾದರೆ ಇಷ್ಟೇ ವಿಷಯ ಅಂತ ಅವನು ಶುರುಮಾಡಿದ. ಪ್ರತಿ ಪ್ರಾಣಿಯ ಮೈಬಣ್ಣಕ್ಕೂ ಎರಡು ದಾರ ಅಂದುಕೊಳ್ಳಿ. ಒಂದು ಅಮ್ಮ ಕೊಟ್ಟದ್ದು, ಒಂದು ಅಪ್ಪ ಕೊಟ್ಟದ್ದು. ಬೂದು ದಾರ ಒಂದಿದ್ದರೆ ಸಾಕು, ಅದೇ ಮೇಲೆ ಕಾಣುತ್ತದೆ. ಬಿಳಿ ದಾರ ಬಾಬಿನ್ನಿನಲ್ಲಿದ್ದ ಹಾಗೆ ಕೆಳಗೆ ಅಡಗಿರುತ್ತದೆ. ದೊರೆ, ಗುಂಡಮ್ಮ ಇಬ್ಬರೂ ಹಾಗೇ, ಮೇಲೆ ಬೂದು ಕೆಳಗೆ ಬಿಳಿ. ಮರಿಗೆ ಇಬ್ಬರೂ ಒಂದೊಂದು ದಾರ ಕೊಡಬೇಕು. ಇಬ್ಬರೂ ಬಿಳಿಯನ್ನೇ ಕೊಟ್ಟರೆ ಬೆಣ್ಣೆ. ನಾಲ್ಕರಲ್ಲಿ ಒಂದು ಸಲ ಹಾಗಾಗಬಹುದು. ಅದೂ ನಾಣ್ಯ ಚಿಮ್ಮಿದ ಹಾಗೆ, ನಾಲ್ಕು ಮರಿಗೆ ಒಂದು ಖಂಡಿತ ಅಂತಲ್ಲ.

“ಇದನ್ನೇ ನಾನೂ ಹೇಳಿದ್ದು,” ಅಂದಳು ಅಕ್ಕ, ಅತ್ತೆಯ ಕಡೆ ನೋಡುತ್ತ.

“ಆದರೆ ಅಕ್ಕ, ಕೆಳಗೆ ಅಡಗೋದು ಬಣ್ಣದ ದಾರ ಒಂದೇ ಅಲ್ಲ. ಕಣ್ಣಿಗೆ ಒಂದು, ಮೂಳೆಗೆ ಒಂದು, ಗುಂಡಿಗೆಗೆ ಒಂದು, ಹೀಗೆ ಸಾವಿರ ದಾರ ಇರುತ್ತೆ. ಅದರಲ್ಲಿ ಕೆಲವು ಪಿಸುಕು, ಎಳೆದರೆ ಕಿತ್ತುಬರೋ ದಾರ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಮೇಲಿನ ದಾರ ಗಟ್ಟಿ ಇರೋದರಿಂದ ನಡೀತಾ ಇದೆ. ಅಪ್ಪನ ಪಿಸುಕು ದಾರ ಮಗಳಲ್ಲೂ ಇರಬಹುದು. ಅವರಿಬ್ಬರಿಗೇ ಮರಿಯಾದರೆ ಆ ಮರಿಗೆ ಮೇಲೂ ಪಿಸುಕು, ಕೆಳಗೂ ಪಿಸುಕು ಬರಬಹುದು. ಆ ಬಟ್ಟೆ ನೀವು ಗಿರಾಕಿಗೆ ಕೊಡ್ತೀರಾ?”

ಅಕ್ಕ ಸೋಲಲಿಲ್ಲ. ಮುಂದಿನ ಮಾತಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಏನಾಗಿಬಿಡುತ್ತದೆ ಅಂದಳು. ಅಷ್ಟಕ್ಕೂ ದೊರೆ ಬೇರೆ, ಗುಂಡಮ್ಮ ಬೇರೆ. ದೊರೆಯನ್ನು ತಂದದ್ದು ಹಕ್ಕಿ ಅಂಗಡಿಯಿಂದ. ಗುಂಡಮ್ಮನನ್ನು ಕೊಟ್ಟದ್ದು ಆ ಕಡೆ ಬೀದಿಯ ಟೀಚರಮ್ಮ, ಅದೂ ಆರು ತಿಂಗಳಾದ ಮೇಲೆ, ವರ್ಗವಾಗಿ ಊರು ಬಿಡುವಾಗ. ಎರಡು ಬೇರೆ ಬೇರೆ ರಕ್ತ ಸೇರಿ ಹುಟ್ಟಿದ ಮಗಳು ಗಟ್ಟಿಯಾಗಿಯೇ ಇರುತ್ತಾಳೆ. ಒಮ್ಮೆ ಅಪ್ಪನ ಜೊತೆ ಸೇರಿಸಿದರೆ ಮುಳುಗಿಹೋಗುವುದೇನಿದೆ?

ಬೇರೆ ರಕ್ತ ಅನ್ನುವುದಕ್ಕೆ ಏನಾದರೂ ಬರವಣಿಗೆ ಇದೆಯಾ ಅಂತ ಅವನು ಕೇಳಿದ. ಅಪ್ಪ ಯಾರು, ಅಮ್ಮ ಯಾರು, ಯಾವ ತಾರೀಕು ಹೊರಗೆ ಬಂತು, ಏನೂ? ಏನೂ ಇರಲಿಲ್ಲ. ಹಾಗಾದರೆ ಜೊತೆಗೆ ಬಂದ ತುಂಡು ಬಟ್ಟೆಯಾದರೂ ಇದೆಯೇ ಅಂದ.

ಗ್ಲೈಡರ್ ಸಾಕುವವರಲ್ಲಿ ಅದೊಂದು ರೂಢಿ. ಮರಿ ಹೊಸ ಮನೆಗೆ ಹೋಗುವಾಗ, ಅದು ಹಳೆ ಮನೆಯಲ್ಲಿ ಮಲಗುತ್ತಿದ್ದ ಬಟ್ಟೆಚೀಲದಿಂದ ಒಂದು ತುಂಡು ಕತ್ತರಿಸಿ ಜೊತೆಗೆ ಹಾಕುತ್ತಾರೆ. ಹಳೆಯ ವಾಸನೆ ಇದ್ದರೆ ಮರಿ ಹೆದರುವುದಿಲ್ಲ.

ಬಟ್ಟೆಯ ಚೂರು ಎಸೆಯುವ ದರ್ಜಿ ಎಲ್ಲಾದರೂ ಉಂಟೇ? ಅಕ್ಕ ಚೂರುಗಳ ಮೂಟೆಯನ್ನು ಮೇಜಿನ ಮೇಲೆ ಸುರಿದಳು. ಟೀ ಆರುವಷ್ಟು ಹೊತ್ತು ಹುಡುಕಿ, ಅಂಗೈಯಗಲದ ಎರಡು ತುಂಡು ಎಳೆದಳು. ಗುಂಡಮ್ಮನದು ಕಡುನೀಲಿ. ದೊರೆಯದು ಎಷ್ಟೋ ಸಲ ತೊಳೆದು ಆಕಾಶದ ಬಣ್ಣಕ್ಕೆ ಬಂದಿತ್ತು. “ನೋಡಿ, ಬಟ್ಟೆಯೇ ಬೇರೆ,” ಅನ್ನುತ್ತ ಎರಡನ್ನೂ ಅವನ ಮುಂದೆ ಹಾಕಿದಳು.

ಹಾಕಿದವಳು ಕೈ ಹಿಂದೆ ತೆಗೆಯಲಿಲ್ಲ.

ಕಾಂಪೌಂಡರಣ್ಣನಿಗೆ ಅಲ್ಲಿ ಎರಡು ಹಳೆ ಚಿಂದಿ ಮಾತ್ರ ಕಂಡಿತು. ಅಕ್ಕನ ಕಣ್ಣು ಬೇರೆ. ಅವಳು ಎರಡನ್ನೂ ತಿರುವಿ ಹಾಕಿ ನೇಯ್ಗೆ ನೋಡಿದಳು, ಉಗುರಿನಿಂದ ಎಳೆ ಕೆರೆದಳು. ಒಂದರ ಮೇಲೆ ಛತ್ರಿಯ ಚಿತ್ರದ ಮೇಲರ್ಧ ಇತ್ತು, ಇನ್ನೊಂದರ ಮೇಲೆ ಛತ್ರಿಯ ಹಿಡಿ. ಅಂಚು ಸೇರಿಸಿದಳು, ಛತ್ರಿ ಕೂಡಿಕೊಂಡಿತು. ಅಂಥ ಚಿತ್ರ ಒಂದು ಥಾನು ಬಟ್ಟೆಯಲ್ಲಿ ನೂರು ಇರುತ್ತದೆ ಅಂತ ತಾನೇ ಹೇಳಿಕೊಂಡಳು. ಆದರೆ ಒಂದು ತುಂಡಿನ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಕಂದು ಕಲೆ ಇತ್ತು. ಆ ಕಲೆ ಅಂಚಿನಲ್ಲಿ ನಿಲ್ಲದೆ ಇನ್ನೊಂದು ತುಂಡಿನ ಮೇಲೂ ಹರಿದು ದುಂಡಗೆ ಮುಗಿದಿತ್ತು. ಕತ್ತರಿ ಒಂದು ಕಡೆ ಸಿಕ್ಕಿಕೊಂಡು ಜಗ್ಗಿ ಎದ್ದ ಹಲ್ಲಿನಂಥ ಅಂಚು, ಎರಡು ತುಂಡಿನಲ್ಲೂ ಎದುರು ಬದುರು ಕೂತಿತು.

“ಒಂದೇ ಚೀಲ,” ಅಂದಳು. “ಒಂದೇ ದಿನ ಕತ್ತರಿಸಿದ್ದು. ಬೇಕಾದರೆ ಯಾವ ಪಂಚಾಯಿತಿಯಲ್ಲಿ ಬೇಕಾದರೂ ಹೇಳ್ತೀನಿ.”

ಅತ್ತೆ ಸೊಸೆಯ ಕೈಯಿಂದ ಎರಡು ತುಂಡನ್ನೂ ತೆಗೆದುಕೊಂಡು ತಾವೂ ಒಮ್ಮೆ ಜೋಡಿಸಿ ನೋಡಿದರು.

ಅಕ್ಕ ಅಲ್ಲಿಂದಲೇ ಟೀಚರಮ್ಮನಿಗೆ ಫೋನು ಮಾಡಿದಳು. ಗುಂಡಮ್ಮನನ್ನು ತಾನು ಕೊಂಡದ್ದೂ ಆ ಹಕ್ಕಿ ಅಂಗಡಿಯಿಂದಲೇ ಅಂದರು ಟೀಚರಮ್ಮ. ಹಕ್ಕಿ ಅಂಗಡಿಯವರು ನೆನಪು ಮಾಡಿಕೊಂಡು, ಆವಾಗ ಒಬ್ಬರು ನಾಲ್ಕು ಮರಿ ಒಟ್ಟಿಗೆ ತಂದು ಕೊಟ್ಟಿದ್ದರು, ಎಲ್ಲ ಒಂದೇ ಗೂಡಿನವು ಅಂತ ಹೇಳಿದರು. ನೀವು ಕೇಳಲಿಲ್ಲವಲ್ಲ ಅಂತ ಕೊನೆಯಲ್ಲಿ ಸೇರಿಸಿದರು. ಆ ಮಾತು ಅಕ್ಕನಿಗೆ ಸೂಜಿಯ ಹಾಗೆ ತಾಗಿತು. ಅವಳು ಬಣ್ಣ ಕೇಳಿದ್ದಳು, ವಯಸ್ಸು ಕೇಳಿದ್ದಳು, ಕಚ್ಚುತ್ತದಾ ಅಂತ ಕೇಳಿದ್ದಳು. ಅದನ್ನೊಂದು ಕೇಳಿರಲಿಲ್ಲ.

ಫೋನು ಕೆಳಗಿಟ್ಟು ಕೇಳಿದಳು: “ಗುಂಡಮ್ಮನ ಎರಡನೇ ಸಲದ ಮರಿ ಹೊರಗೆ ಬಂದ ಒಂಬತ್ತೇ ದಿನಕ್ಕೆ ಹೋಯ್ತಲ್ಲ. ಅದು ನಾನು ಮಾಡಿದ್ದಾ?”

ಕಾಂಪೌಂಡರಣ್ಣ ಸಮಾಧಾನಕ್ಕಾಗಿ ಇಲ್ಲ ಅನ್ನಲಿಲ್ಲ, ಬುದ್ಧಿ ಹೇಳುವುದಕ್ಕಾಗಿ ಹೌದು ಅಂತಲೂ ಅನ್ನಲಿಲ್ಲ. “ಆ ಮರಿ ಯಾಕೆ ಹೋಯ್ತು ಅಂತ ನನಗೂ ಗೊತ್ತಿಲ್ಲ, ಡಾಕ್ಟರಮ್ಮಂಗೂ ಗೊತ್ತಿಲ್ಲ ಅಕ್ಕ. ದೊರೆ, ಗುಂಡಮ್ಮ ಒಡಹುಟ್ಟಿದವೇ ಅಂತಲೂ ಬರೆದುಕೊಡಲಾರೆ. ಒಂದೇ ಗೂಡಿನವು, ಅಷ್ಟು ಖಂಡಿತ. ಗೊತ್ತಿಲ್ಲದೆ ಒಂದು ಸಲ ಆಗಿದೆ. ಬೆಣ್ಣೆಯನ್ನ ಈಗ ದೊರೆಗೆ ಸೇರಿಸಿದರೆ ಅದು ಗೊತ್ತಿದ್ದೂ ಮಾಡಿದ್ದು, ಅದೂ ಗಂಟಿನ ಮೇಲೆ ಗಂಟು.”

ಅಕ್ಕ ದೊರೆಯನ್ನು ಚೀಲ ಸಮೇತ ಎತ್ತಿ ಗುಂಡಮ್ಮನ ಪಂಜರದಲ್ಲಿ ತೂಗುಹಾಕಲು ಹೋದವಳು ಮತ್ತೆ ನಿಂತಳು. ಅಲ್ಲಿ ಬಿಟ್ಟರೂ ತಪ್ಪೇ ಅಲ್ಲವೇ? ಹಾಗಂತ ಬೇರೆ ಪಂಜರದಲ್ಲಿ ಒಂಟಿಯಾಗಿ ಇಟ್ಟರೆ? ಬೇಡವೇ ಬೇಡ ಅಂದ ಅವನು. ಇವು ಗುಂಪಿನ ಪ್ರಾಣಿ, ಒಂಟಿ ಇಟ್ಟರೆ ಕೊರಗಿ ತಮ್ಮ ಮೈಯನ್ನು ತಾವೇ ಕಚ್ಚಿಕೊಳ್ಳುತ್ತವೆ. ಅದಕ್ಕೆ ಸುಲಭದ ದಾರಿ ಇದೆ. ಡಾಕ್ಟರಮ್ಮ ದೊರೆಗೆ ಮರಿಯಾಗದ ಹಾಗೆ ಒಂದು ಸಣ್ಣ ಆಪರೇಷನ್ ಮಾಡುತ್ತಾರೆ. ಆಮೇಲೆ ಅವರು ಹೇಳಿದಷ್ಟು ದಿನ ಕಾದು ಸೇರಿಸಿದರೆ, ಹೆಂಡತಿಯ ಜೊತೆಗೂ ಇರಬಹುದು, ಮಕ್ಕಳ ಜೊತೆಗೂ ಇರಬಹುದು.

“ಹೆಂಡತಿ ಮಕ್ಕಳ ಜೊತೆ ತೆಪ್ಪಗೆ ಕೂತಿರ್ತಾನಾ? ಆ ಆಪರೇಷನ್ನು ನಮ್ಮ ಕಾಲದಲ್ಲಿ ಇದ್ದಿದ್ದರೆ,” ಅಂದರು ಅತ್ತೆ, ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ನೋಡಿ. ಅಕ್ಕನಿಗೆ ಬೇಡಬೇಡವೆಂದರೂ ನಗು ಬಂತು.

ನಗು ನಿಂತ ಮೇಲೆ ನಿಜವಾದ ಸಂಕಟ ಹೊರಗೆ ಬಂತು. ಹಾಗಾದರೆ ನನ್ನ ಮನೆಯಲ್ಲಿ ಇನ್ನು ಬಿಳಿ ಹುಟ್ಟುವುದೇ ಇಲ್ಲವಾ ಅಂತ ಕೇಳಿದಳು. ಯಾಕಿಲ್ಲ ಅಂದ ಕಾಂಪೌಂಡರಣ್ಣ. ಬಣ್ಣದ ಆಸೆ ತಪ್ಪಲ್ಲ, ಅವಸರ ತಪ್ಪು. ಮೊದಲು ಡಾಕ್ಟರಮ್ಮ ಬೆಣ್ಣೆಯ ಕಣ್ಣು, ಹಲ್ಲು, ತೂಕ ನೋಡಲಿ. ಮರಿ ಹಾಕಲು ತಕ್ಕವಳು ಅಂದರೆ, ಹಿಂದಿನ ನಾಲ್ಕೈದು ತಲೆಮಾರಿನಲ್ಲಿ ಇವಳ ಕಡೆಯವರು ಯಾರೂ ಇಲ್ಲದ ಗಂಡು ಹುಡುಕೋಣ. ಅವನ ಕೆಳದಾರ ಬಿಳಿಯಾಗಿದ್ದರೆ ಅರ್ಧ ಮರಿ ಬಿಳಿಯಾಗಬಹುದು. ಎರಡೂ ಬೂದು ಆಗಿದ್ದರೆ ಎಲ್ಲ ಮರಿಯೂ ಬೂದು. ಆದರೂ ಒಂದೊಂದರ ಬಾಬಿನ್ನಿನಲ್ಲೂ ಬೆಣ್ಣೆಯ ಬಿಳಿ ದಾರ ಸುತ್ತಿಕೊಂಡೇ ಇರುತ್ತದೆ. ಅದು ಎಲ್ಲೂ ಹೋಗುವುದಿಲ್ಲ.

ಬೆಣ್ಣೆಯ ಅಮ್ಮ ಅಪ್ಪ ಒಂದೇ ಗೂಡಿನವರು ಅನ್ನುವುದನ್ನು ಗಂಡಿನ ಕಡೆಯವರಿಗೆ ಮುಚ್ಚಿಡಬಾರದು ಅಂತಲೂ ಹೇಳಿದ. ಅಕ್ಕ ಆಗಲಿ ಅಂದಳು. ಅಷ್ಟು ಹೇಳಿ ಅವನು ಉಗುರು ಕತ್ತರಿಸಲು ಕೂತ.

ಸ್ಟುಡಿಯೋದವರಿಗೆ ಇಲ್ಲ ಅನ್ನುವುದು ಅಕ್ಕನಿಗೆ ಅಷ್ಟು ಸುಲಭವಾಗಲಿಲ್ಲ. ಮಾತು ಕೊಟ್ಟು ತಪ್ಪಿದವಳಲ್ಲ ಅವಳು. ಆದರೂ ತಾನೇ ಅಂಗಡಿಗೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಮುಖ ದಪ್ಪ ಮಾಡಿಕೊಂಡರು. ಬಿಳಿ ಮರಿ ಕೊಡುವವರು ನೀವೊಬ್ಬರೇ ಅಲ್ಲ, ಪಕ್ಕದ ಊರಿನಲ್ಲಿ ಬೇಕಾದಷ್ಟು ಸಿಗುತ್ತವೆ ಅಂದರು.

“ಸಿಗಲಿ. ಅದರ ಅಪ್ಪ ಅಮ್ಮ ಯಾರು ಅಂತ ಕೇಳಿ ತಗೊಳ್ಳಿ,” ಅಂದಳು ಅಕ್ಕ.

“ನದಿಮೂಲ, ಋಷಿಮೂಲ ಕೇಳಬಾರದು ಅಂತಾರೆ.”

“ನದಿದೂ ಬೇಡ, ಋಷಿದೂ ಬೇಡ. ಗ್ಲೈಡರ್‌ದು ಕೇಳಿ. ನಾನು ಕೇಳದೆ ತಂದವಳು.”

ಮೂರನೇ ದಿನ ಅಕ್ಕನ ಫೋನು ಬಡಿಯಿತು. ಸ್ಟುಡಿಯೋದವರು ಪಕ್ಕದ ಊರಿನಿಂದಲೇ ಮಾತಾಡುತ್ತಿದ್ದರು, ದನಿ ತಗ್ಗಿಸಿ. ಏನೇನು ಕೇಳಬೇಕು ಅಂದಿದ್ದಿರಿ, ಇನ್ನೊಂದು ಸಲ ಹೇಳಿ, ಬರೆದುಕೊಳ್ಳುತ್ತೇನೆ ಅಂದರು. ಅಕ್ಕ ಮೆಷಿನ್ ನಿಲ್ಲಿಸಿ ಒಂದೊಂದಾಗಿ ಹೇಳಿದಳು. ಅವರು ಕೇಳಿದ ಮೊದಲ ಪ್ರಶ್ನೆಗೇ ಮಾರುವವರು, ಬೇಕಾದರೆ ತಗೊಳ್ಳಿ ಬೇಡದಿದ್ದರೆ ಬಿಡಿ ಅಂದರಂತೆ. ಇವರು ಬಿಟ್ಟು ಬಂದರು. ಕಾಯುತ್ತೇನೆ, ನಿಮ್ಮ ಬೆಣ್ಣೆಗೆ ಯಾವ ಬಣ್ಣದ್ದು ಹುಟ್ಟಿದರೂ ನನಗಿರಲಿ ಅಂತ ಅಕ್ಕನ ಮನೆಯ ಬಾಗಿಲಲ್ಲೇ ನಿಂತು ಹೇಳಿ ಹೋದರು.

ದೊರೆಯ ಆಪರೇಷನ್ ಆಯಿತು. ಅತ್ತೆಯೇ ಹಠ ಹಿಡಿದು ಅವನನ್ನು ಮಡಿಲಲ್ಲಿ ಇಟ್ಟುಕೊಂಡು ಆಸ್ಪತ್ರೆಯಿಂದ ಆಟೋದಲ್ಲಿ ಕರೆತಂದರು. ಬೆಣ್ಣೆಯ ಕಣ್ಣು, ಹಲ್ಲು, ತೂಕ ಎಲ್ಲ ಚೆನ್ನಾಗಿದೆ ಅಂದರು ಡಾಕ್ಟರಮ್ಮ. ಗಂಡು ಸಿಗಲು ನಾಲ್ಕು ತಿಂಗಳು ಹಿಡಿಯಿತು. ದೂರದ ಊರಿನ ಬಡಗಿಯೊಬ್ಬರ ಮನೆಯ ಬೂದು ಗಂಡು. ಅಪ್ಪ ಬಿಳಿ, ಹಾಗಾಗಿ ಅವನ ಕೆಳದಾರ ಬಿಳಿಯೇ. ಐದು ತಲೆಮಾರಿನ ಹೆಸರು, ತಾರೀಕು, ಯಾವುದು ಯಾವ ಮನೆಗೆ ಹೋಯಿತು, ಯಾವುದು ಯಾಕೆ ಸತ್ತಿತು, ಎಲ್ಲ ಒಂದು ಪುಸ್ತಕದಲ್ಲಿ ದುಂಡಗೆ ಬರೆದಿದ್ದರು. ಅಕ್ಕ ಒಂದು ಸಂಜೆಯೆಲ್ಲ ಕೂತು ಅದನ್ನು ಓದಿ, ಅದರಲ್ಲಿ ಒಂದೂ ತಮ್ಮ ಊರಿನ ಕಡೆ ಬಂದದ್ದಲ್ಲ ಅಂತ ಖಾತ್ರಿ ಮಾಡಿಕೊಂಡಳು. ನಮ್ಮ ಮದುವೆಗೆ ಇವಳು ಇಷ್ಟು ವಿಚಾರಿಸಿರಲಿಲ್ಲ ಅಂತ ಅವಳ ಯಜಮಾನರು ಊಟಕ್ಕೆ ಕೂತಾಗ ಹೇಳಿದರು. ವಿಚಾರಿಸಿದ್ದರೆ ನಿನಗೆಲ್ಲಿ ಹೆಣ್ಣು ಸಿಗುತ್ತಿತ್ತು ಅಂದರು ಅವರ ತಾಯಿ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ನಿಮ್ಮ ಹತ್ತಿರವೇ ಎರಡು ಮಾತು. ನಿಮ್ಮ ಮನೆಯಲ್ಲೂ ಗ್ಲೈಡರ್ ಇರಬಹುದು, ಅಥವಾ ಮಕ್ಕಳು ಬೇಕು ಅಂತ ಹಠ ಹಿಡಿದಿರಬಹುದು. ನಿಮ್ಮ ಊರಿನಲ್ಲಿ ಸಾಕಲು ಅನುಮತಿ ಬೇಕಾ ಅಂತ ಮೊದಲು ವಿಚಾರಿಸಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ಬಣ್ಣ ನೋಡಿ ಮರುಳಾಗುವ ಮೊದಲು ಅದರ ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರು ಅಂತ ಕೇಳಿ, ಬರೆದದ್ದನ್ನು ತೋರಿಸಿ ಅನ್ನಿ. ತೋರಿಸಲು ಏನೂ ಇಲ್ಲದಿದ್ದರೆ ಆ ಪ್ರಾಣಿಯನ್ನು ಸಾಕಿ, ಮುದ್ದಿಸಿ, ಆದರೆ ಪ್ರಾಣಿ ಡಾಕ್ಟರನ್ನು ಕೇಳದೆ ಅದರಿಂದ ಮರಿ ಮಾಡಿಸಬೇಡಿ. ಅಪ್ಪ ಮಗಳು, ಅಣ್ಣ ತಂಗಿ ಒಂದೇ ಪಂಜರದಲ್ಲಿದ್ದರೆ ಇವತ್ತೇ ಪ್ರಾಣಿ ಡಾಕ್ಟರ ಹತ್ತಿರ ಹೋಗಿ. ಯಾವುದನ್ನೂ ಒಂಟಿಯಾಗಿ ಇಡಬೇಡಿ. ನಿಮ್ಮ ಮನೆಯಿಂದ ಒಂದು ಮರಿ ಹೋಗುವಾಗ ಅದರ ಹಿಂದಿನವರ ಹೆಸರು ಬರೆದ ಕಾಗದ ಜೊತೆಗೆ ಹೋಗಲಿ. ನೀವು ಕೇಳಿದರೆ ಮಾರುವವರು ಬರೆಯುತ್ತಾರೆ. ಕೇಳದಿದ್ದರೆ ಅವರಿಗೇನು ಕೆಲಸ?

ಹೊಲಿಗೆ ಅಕ್ಕನ ಮನೆಯಲ್ಲಿ ಮೊನ್ನೆ ಬೆಣ್ಣೆಯ ಮೊದಲ ಮರಿ ಹೊರಗೆ ಬಂತು. ಒಂದೇ ಮರಿ. ಬೂದು. ಅಕ್ಕ ಹೊಸ ಪುಸ್ತಕದ ಮೊದಲ ಹಾಳೆ ತೆರೆದು, ಮರಿಯ ಹೆಸರಿಗೆ ನಾಲ್ಕು ಬೆರಳು ಜಾಗ ಬಿಟ್ಟು, ಅಮ್ಮನ ಹೆಸರು, ಅಪ್ಪನ ಹೆಸರು ಬರೆದಳು. ಗುಂಡಮ್ಮ, ದೊರೆ, ಇಬ್ಬರೂ ಒಂದೇ ಗೂಡಿನವರು ಅನ್ನುವುದನ್ನೂ ಮುಚ್ಚದೆ ಬರೆದಳು. ಮರಿಗೆ ಏನು ಹೆಸರು ಅಂತ ಅತ್ತೆಯನ್ನು ಕೇಳಿದಳು.

“ಬಿಳಿ ಬರಲಿಲ್ಲ ಅಂತ ಬೇಜಾರಾ?” ಅಂದರು ಅತ್ತೆ.

“ಬೇಜಾರೇನಿಲ್ಲ ಅತ್ತೆ. ಹಿಡಿದು ನೋಡಿ, ಎಷ್ಟು ಗಟ್ಟಿ ಇದೆ.”

ಅತ್ತೆ ಎರಡೂ ಅಂಗೈ ಜೋಡಿಸಿದರು. ಮರಿ ಅಕ್ಕನ ಹೆಬ್ಬೆರಳಿನಿಂದ ಅತ್ತೆಯ ಕೈಗೆ ದಾಟುವ ಮೊದಲು ನಡುವೆ ಪುಸ್ತಕದ ಮೇಲೆ ಒಂದು ಕ್ಷಣ ನಿಂತು, ತನಗಾಗಿ ಬಿಟ್ಟಿದ್ದ ಖಾಲಿ ಜಾಗದಲ್ಲೇ ಸಣ್ಣಗೆ ಒದ್ದೆ ಮಾಡಿತು.